ನೊಬೆಲ್ ಬಂದ ಮೇಲೂ ರಿಪೇರಿ ಕಲಿತ ಮೇರಿ ಕ್ಯೂರಿ

ಮೇರಿ ಕ್ಯೂರಿ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಪ್ರೌಢಶಾಲೆಯ ವಿಜ್ಞಾನ ಪುಸ್ತಕದ ಚಿತ್ರ. ಕಪ್ಪು ಉಡುಪು, ಎತ್ತಿ ಕಟ್ಟಿದ ಕೂದಲು, ನಗುವಿಲ್ಲದ ಮುಖ. ಕೆಳಗೆ ಎರಡು ಸಾಲು: ರೇಡಿಯಂ ಕಂಡುಹಿಡಿದವರು, ಎರಡು ಬಾರಿ ನೊಬೆಲ್ ಪ್ರಶಸ್ತಿ ಪಡೆದವರು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ನಾನೂ ಅಷ್ಟನ್ನೇ ಓದಿ, ಬರೆದು ಪಾಸಾದವನು.

ಅದೇ ಮೇರಿ ಕ್ಯೂರಿ ನಾಲ್ಕು ವರ್ಷ ಕಾಲ ಹೆಚ್ಚುಕಡಿಮೆ ನನ್ನ ಕೆಲಸವನ್ನೇ ಮಾಡಿದ್ದರು ಎಂಬುದು ಗೊತ್ತಾದದ್ದು ಬಹಳ ತಡವಾಗಿ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಮತ್ತು ಕೆಟ್ಟರೆ ಸರಿಪಡಿಸುವ ಕೆಲಸಕ್ಕೆ ಸೇರಿದವನು. ವೆಂಟಿಲೇಟರ್, ಇಸಿಜಿ ಯಂತ್ರ, ಎಕ್ಸ್‌ರೇ, ನವಜಾತ ಶಿಶುಗಳ ವಾರ್ಮರ್ ಎಲ್ಲವೂ ನನ್ನ ಲೆಕ್ಕಕ್ಕೇ ಬರುತ್ತವೆ. ಊರಿಗೆ ಹೋದಾಗ ಆಸ್ಪತ್ರೆಯಲ್ಲಿ ಕೆಲಸ ಎಂದರೆ ಜನ ಖುಷಿಪಡುತ್ತಾರೆ. ಡಾಕ್ಟರೋ ಎಂದು ಕೇಳುತ್ತಾರೆ, ಇಲ್ಲವೆಂದರೆ ನರ್ಸಿಂಗೋ ಎನ್ನುತ್ತಾರೆ. ಯಂತ್ರಗಳ ರಿಪೇರಿ ಎಂದ ಮೇಲೆ ಮಾತು ಮಳೆ, ಬೆಳೆಯ ಕಡೆಗೆ ತಿರುಗುತ್ತದೆ. ಓದಿದವರು ಮಾಡುವ ಕೆಲಸ ಬೇರೆ, ಕೈ ಕೊಳೆ ಮಾಡಿಕೊಳ್ಳುವ ಕೆಲಸ ಬೇರೆ ಎಂಬ ಗೆರೆ ನಮ್ಮಲ್ಲಿ ಬಲವಾಗಿದೆ. ಕೆಲಸ ಹುಡುಕುತ್ತಿರುವ ಅನೇಕ ಗೆಳೆಯರು ಈ ಗೆರೆಯನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಒಬ್ಬ ಮಹಾನ್ ವಿಜ್ಞಾನಿಯ ಬದುಕನ್ನು ಇಲ್ಲಿ ಹೇಳಬೇಕೆನಿಸಿತು.

ಅಪ್ಪನ ಗಾಜಿನ ಬೀರು

ಮರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ಭಾಗ ರಷ್ಯಾ ಸಾಮ್ರಾಜ್ಯದ ಹಿಡಿತದಲ್ಲಿತ್ತು. ತಂದೆ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟ್ರು. ಪೋಲಿಷ್ ಮಕ್ಕಳ ಶಾಲೆಗಳಲ್ಲಿ ಪ್ರಯೋಗಾಲಯದ ಪಾಠವನ್ನೇ ರಷ್ಯಾದ ಆಡಳಿತ ನಿಲ್ಲಿಸಿದಾಗ, ಅವರು ಉಪಕರಣಗಳನ್ನು ಮನೆಗೆ ತಂದು ಗಾಜಿನ ಬೀರುವಿನಲ್ಲಿ ಇಟ್ಟರು. ಮನೆಯ ಮಕ್ಕಳಿಗೆ ಅವುಗಳನ್ನು ಬಳಸುವುದನ್ನು ಹೇಳಿಕೊಟ್ಟರು. ಮುಂದೆ ಜಗತ್ತಿನ ಅತಿ ಸೂಕ್ಷ್ಮ ಅಳತೆಗಳನ್ನು ಮಾಡಿದ ಕೈಗೆ ಮೊದಲ ಪಾಠ ಸಿಕ್ಕಿದ್ದು ಅಲ್ಲೇ.

ಹತ್ತು ವರ್ಷದವರಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಮನೆಯಲ್ಲಿ ಹಣದ ಮುಗ್ಗಟ್ಟು. ವಾರ್ಸಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಗ ಮರಿಯಾ ಮತ್ತು ಅಕ್ಕ ಬ್ರೋನ್ಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳಿಸುವುದು. ಅಕ್ಕ ನೆಲೆ ನಿಂತ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಆ ಮಾತಿಗಾಗಿ ಮರಿಯಾ ಶ್ರೀಮಂತರ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಪಾಠ ಹೇಳುತ್ತಾ ವರ್ಷಗಳನ್ನು ಕಳೆದರು. ರಾತ್ರಿ ತಾವೇ ಪುಸ್ತಕ ಹಿಡಿದು ಗಣಿತ, ಭೌತವಿಜ್ಞಾನ ಓದಿಕೊಂಡರು. 1891ರಲ್ಲಿ ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರಿಗೆ 24 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಓದು ಮುಗಿದು, ಇನ್ನೂ ಕೆಲಸ ಸಿಗಲಿಲ್ಲವೇ ಎಂಬ ಪ್ರಶ್ನೆ ಶುರುವಾಗಿರುತ್ತದೆ. ಅವರ ಕಾಲೇಜು ಶುರುವಾದದ್ದೇ ಆಗ. 1893ರಲ್ಲಿ ಭೌತವಿಜ್ಞಾನದ ಪದವಿ, 1894ರಲ್ಲಿ ಗಣಿತದ ಪದವಿ ಪಡೆದರು. 1895ರಲ್ಲಿ ವಿಜ್ಞಾನಿ ಪಿಯೇರ್ ಕ್ಯೂರಿ ಅವರನ್ನು ಮದುವೆಯಾಗಿ ಮೇರಿ ಕ್ಯೂರಿಯಾದರು.

ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಇವೆರಡಕ್ಕೂ ಆಗ ಸಂಬಂಧವಿರಲಿಲ್ಲ. ಇಪ್ಪತ್ತು ವರ್ಷದ ಒಳಗೆ ಸಂಬಂಧ ಬಂತು.

ಸೋರುವ ಶೆಡ್ಡಿನಲ್ಲಿ

ರೇಡಿಯಂ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಯುರೇನಿಯಂನಿಂದ ಹೊರಡುವ ಕಿರಣಗಳು ಸುತ್ತಲಿನ ಗಾಳಿಯಲ್ಲಿ ಅತಿ ಸಣ್ಣ ವಿದ್ಯುತ್ತನ್ನು ಹರಿಸುತ್ತವೆ. ಅದನ್ನು ಅಳೆಯಲು ಮೇರಿ ಬಳಸಿದ್ದು ಪಿಯೇರ್ ಮತ್ತು ಅವರ ಅಣ್ಣ ಸೇರಿ ರೂಪಿಸಿದ್ದ ಉಪಕರಣವನ್ನು. ಸ್ಫಟಿಕದ ಪಟ್ಟಿಗೆ ತೂಕ ತೂಗಿಬಿಟ್ಟು, ಸ್ಟಾಪ್‌ವಾಚ್ ಹಿಡಿದು ಮಾಡಬೇಕಾದ ಅಳತೆ. ಕೋಣೆಯಲ್ಲಿ ತೇವ ಹೆಚ್ಚಾದರೆ ಲೆಕ್ಕ ತಪ್ಪುತ್ತಿತ್ತು. ಅಂಥ ಕಡೆ ಕುಳಿತು ಸಾವಿರ ಸಲ ಅಳೆದವರಿಗೆ ಮಾತ್ರ ಕಾಣುವ ವ್ಯತ್ಯಾಸವೊಂದು ಅವರಿಗೆ ಕಂಡಿತು. ಅದರಿಂದಲೇ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಧಾತುಗಳ ಸುಳಿವು ಸಿಕ್ಕಿತು.

ಸುಳಿವನ್ನು ವಸ್ತುವಾಗಿ ತೋರಿಸಲು ಮತ್ತೆ ನಾಲ್ಕು ವರ್ಷ ಬೇಕಾಯಿತು. ಚಾವಣಿ ಸೋರುವ ಶೆಡ್ಡೊಂದರಲ್ಲಿ ಟನ್‌ಗಟ್ಟಲೆ ಅದಿರಿನ ಗಸಿಯನ್ನು ಕುದಿಸಿ, ಕಬ್ಬಿಣದ ಸಲಾಕೆಯಿಂದ ಕದಡಿ, ಸೋಸಿ 1902ರಲ್ಲಿ ಅವರು ಪಡೆದದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್. 1903ರಲ್ಲಿ ಪತಿ ಹಾಗೂ ಹೆನ್ರಿ ಬೆಕೆರೆಲ್ ಜೊತೆ ಭೌತವಿಜ್ಞಾನದ ನೊಬೆಲ್ ಬಂತು. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ದಂಪತಿ ಕೋಟ್ಯಧಿಪತಿಗಳಾಗುತ್ತಿದ್ದರು. ಅವರು ಪಡೆಯಲಿಲ್ಲ. 1906ರ ಏಪ್ರಿಲ್ 19ರಂದು ಪಿಯೇರ್ ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆ ಬಂಡಿಗೆ ಸಿಕ್ಕಿ ಸತ್ತರು. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮೇರಿ ಪತಿಯ ಪಾಠಗಳನ್ನು ಮುಂದುವರಿಸಿದರು, ಸೋರ್ಬಾನ್‌ನ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. 1911ರಲ್ಲಿ ರಸಾಯನ ವಿಜ್ಞಾನಕ್ಕೆ ಇನ್ನೊಂದು ನೊಬೆಲ್.

ನಮ್ಮ ಪಠ್ಯಪುಸ್ತಕ ಇಲ್ಲಿಗೆ ಮುಗಿಯುತ್ತದೆ. ನನ್ನಂಥವರಿಗೆ ಬೇಕಾದ ಅಧ್ಯಾಯ ಇಲ್ಲಿಂದಲೇ ಶುರು.

ಯಂತ್ರ ಎಲ್ಲಿದೆ, ಗಾಯಾಳು ಎಲ್ಲಿದ್ದಾನೆ

1914ರಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ಅವರಿಗಾಗಿ ರೇಡಿಯಂ ಸಂಸ್ಥೆಯ ಹೊಸ ಕಟ್ಟಡ ಸಿದ್ಧವಾಗಿತ್ತು. ಆಗಲೇ ಮೊದಲ ಮಹಾಯುದ್ಧ ಬಂತು. ಪ್ರಯೋಗಾಲಯದ ಗಂಡಸರೆಲ್ಲ ಸೈನ್ಯಕ್ಕೆ ಹೋದರು. ಉಳಿದದ್ದು, ಹೃದಯದ ತೊಂದರೆಯಿಂದ ಸೈನ್ಯಕ್ಕೆ ಸೇರಲಾಗದ ಒಬ್ಬ ಮೆಕ್ಯಾನಿಕ್. ಜರ್ಮನ್ ಸೇನೆ ಪ್ಯಾರಿಸ್ಸಿನತ್ತ ಬರುತ್ತಿದ್ದಾಗ ಮೇರಿ ಸೀಸದ ಪೆಟ್ಟಿಗೆಯಲ್ಲಿ ರೇಡಿಯಂ ಇಟ್ಟುಕೊಂಡು ರೈಲಿನಲ್ಲಿ ಬೋರ್ಡೊಗೆ ಹೋಗಿ ಬ್ಯಾಂಕಿನಲ್ಲಿ ಭದ್ರಪಡಿಸಿದರು. ಜನ ಪ್ಯಾರಿಸ್ ಬಿಟ್ಟು ಓಡುತ್ತಿದ್ದ ಹೊತ್ತಿನಲ್ಲಿ ಅವರು ಪ್ಯಾರಿಸ್ಸಿಗೆ ಮರಳಿದರು.

ಆಗಿನ ಪರಿಸ್ಥಿತಿ ಹೀಗಿತ್ತು. ಎಕ್ಸ್‌ರೇ ಬಂದು ಸುಮಾರು 19 ವರ್ಷವಾಗಿತ್ತು. ಆದರೆ ಯಂತ್ರಗಳಿದ್ದದ್ದು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ. ಗುಂಡು, ಸಿಡಿಗುಂಡಿನ ಚೂರು ಹೊಕ್ಕ ಸೈನಿಕರು ಬಿದ್ದಿದ್ದದ್ದು ರಣರಂಗದ ಸಮೀಪದ ತಾತ್ಕಾಲಿಕ ಆಸ್ಪತ್ರೆಗಳಲ್ಲಿ. ಚೂರು ಎಲ್ಲಿದೆ ಎಂದು ತಿಳಿಯದೆ ಶಸ್ತ್ರವೈದ್ಯರು ಗಾಯದೊಳಗೆ ಹುಡುಕಬೇಕಿತ್ತು. ಯಂತ್ರವೊಂದು ಕಡೆ, ಗಾಯಾಳು ಇನ್ನೊಂದು ಕಡೆ.

ಮೇರಿ ಎಕ್ಸ್‌ರೇ ಮೇಲೆ ಸಂಶೋಧನೆ ಮಾಡಿದವರಲ್ಲ. ಅದರ ಬಗ್ಗೆ ಪಾಠ ಹೇಳಿದ್ದರು, ಅಷ್ಟೇ. ಆದರೂ ಅವರಿಗೆ ಸಮಸ್ಯೆ ಎಲ್ಲಿದೆ ಎಂಬುದು ತಕ್ಷಣ ಹೊಳೆಯಿತು. ಮೊದಲು ಅವರು ಮಾಡಿದ್ದು ಒಂದು ಪಟ್ಟಿ. ವಿಶ್ವವಿದ್ಯಾಲಯಗಳಲ್ಲಿ, ತಯಾರಕರ ಉಗ್ರಾಣಗಳಲ್ಲಿ ಸುಮ್ಮನೆ ಬಿದ್ದಿರುವ ಎಕ್ಸ್‌ರೇ ಉಪಕರಣ ಎಷ್ಟಿವೆ ಎಂದು ಲೆಕ್ಕ ಹಾಕಿ, ಕೇಳಿ ತಂದು, ಅವನ್ನು ಆಸ್ಪತ್ರೆಗಳಿಗೆ ಹಂಚಿದರು.

ಈ ಪಟ್ಟಿಯ ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ನಾನು ಸರ್ವಿಸ್‌ಗೆ ಹೋಗುವ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಯ ನಾಡಿ, ಆಮ್ಲಜನಕ ತೋರಿಸುವ ಮಾನಿಟರುಗಳು ಪ್ಯಾಕಿಂಗ್ ಸಮೇತ ಸ್ಟೋರಿನಲ್ಲಿ ಕುಳಿತಿದ್ದವು. ಯಾರೂ ಚಾರ್ಜ್ ಮಾಡದೆ ಬ್ಯಾಟರಿ ಸತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ಅದನ್ನು ಜೋಡಿಸಿ, ಬಳಸುವುದನ್ನು ತೋರಿಸುವವರು ಬಂದಿರಲಿಲ್ಲ. ಹೊಸ ಬ್ಯಾಟರಿ ಹಾಕಿ ವಾರ್ಡಿನಲ್ಲಿ ಜೋಡಿಸಲು ಎರಡು ದಿನ ಸಾಕಾಯಿತು. ಆಸ್ಪತ್ರೆಗೆ ಯಂತ್ರ ಬಂದಿದೆ ಎನ್ನುವುದಕ್ಕೂ ರೋಗಿಗೆ ಯಂತ್ರ ಸಿಕ್ಕಿದೆ ಎನ್ನುವುದಕ್ಕೂ ನಡುವೆ ಇರುವ ಅಂತರವೇ ನಮ್ಮ ಕೆಲಸದ ಜಾಗ. 1914ರ ಫ್ರಾನ್ಸಿನಲ್ಲಿ ಆ ಜಾಗದಲ್ಲಿ ನಿಂತವರು ಮೇರಿ ಕ್ಯೂರಿ.

ಕಾರಿನ ಎಂಜಿನ್ನಿನಿಂದ ಕರೆಂಟು

ಪಟ್ಟಿಯಿಂದ ನಗರದ ಆಸ್ಪತ್ರೆಗಳ ಕೆಲಸವಾಯಿತು. ರಣರಂಗದ ಬಳಿ ವಿದ್ಯುತ್ತೇ ಇರಲಿಲ್ಲ. ಮೇರಿ ಅದಕ್ಕೊಂದು ಉಪಾಯ ಮಾಡಿದರು. ಮೋಟಾರು ಕಾರಿನಲ್ಲಿ ಎಕ್ಸ್‌ರೇ ಉಪಕರಣ, ಫೋಟೊ ತೊಳೆಯುವ ಸಾಮಗ್ರಿ ಮತ್ತು ಒಂದು ಡೈನಮೊ ಹೇರಿದರು. ಕಾರಿನ ಎಂಜಿನ್ ಡೈನಮೊವನ್ನು ತಿರುಗಿಸುತ್ತದೆ, ಡೈನಮೊ ಎಕ್ಸ್‌ರೇಗೆ ಕರೆಂಟು ಕೊಡುತ್ತದೆ. ಮೊದಲ ಕಾರಿಗೆ ಹಣ ಕೊಟ್ಟದ್ದು ಫ್ರಾನ್ಸಿನ ಮಹಿಳೆಯರ ಒಂದು ಸಂಘ. ಮುಂದೆ ಸಿರಿವಂತರನ್ನು ಕಂಡು ಅವರ ಕಾರುಗಳನ್ನೇ ಕೇಳಿ ಪಡೆದರು. ರೆಡ್‌ಕ್ರಾಸ್‌ನ ವಿಕಿರಣ ಸೇವೆಯ ನಿರ್ದೇಶಕಿಯೆಂದು ನೇಮಕವಾದರೂ ಅನುಮತಿ ಪತ್ರಗಳಿಗಾಗಿ ಕಚೇರಿ ಕಚೇರಿ ಅಲೆಯುವುದು ತಪ್ಪಲಿಲ್ಲ. ಸೈನಿಕರು ಈ ಗಾಡಿಗಳನ್ನು ಪುಟ್ಟ ಕ್ಯೂರಿಗಳು ಎಂದು ಕರೆಯತೊಡಗಿದರು.

ಒಂದು ಆಸ್ಪತ್ರೆಯಿಂದ ಕರೆ ಬಂದರೆ ಕೆಲಸ ನಡೆಯುತ್ತಿದ್ದ ರೀತಿ ನೋಡಿ. ಗಾಡಿ ತಲುಪಿದ ಕೂಡಲೇ ಒಂದು ಕೋಣೆ ಆರಿಸಬೇಕು. ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಬೇಕು. ಪೆಟ್ಟಿಗೆಗಳನ್ನು ಇಳಿಸಿ ಯಂತ್ರ ಜೋಡಿಸಬೇಕು. ಹೊರಗೆ ನಿಂತ ಕಾರಿನಿಂದ ಒಳಕ್ಕೆ ಕೇಬಲ್ ಎಳೆದು, ಚಾಲಕನಿಗೆ ಸನ್ನೆ ಮಾಡಿ ಎಂಜಿನ್ ಶುರು ಮಾಡಿಸಿ, ಕರೆಂಟು ನೋಡಿ ಹೊಂದಿಸಬೇಕು. ಅರ್ಧ ಗಂಟೆಯಲ್ಲಿ ಎಲ್ಲ ಸಿದ್ಧವಾಗುತ್ತಿತ್ತು. ಬಳಿಕ ಸ್ಟ್ರೆಚರುಗಳು ಒಂದಾದ ಮೇಲೊಂದು ಬರುತ್ತಿದ್ದವು. ಗಾಯಾಳುಗಳು ಮುಗಿಯುವವರೆಗೆ ಕೆಲಸ, ಕೆಲವೊಮ್ಮೆ ದಿನಗಟ್ಟಲೆ. ಹೊರಡುವ ಮೊದಲು ಆ ಆಸ್ಪತ್ರೆಗೆ ಒಂದು ಸ್ಥಿರ ಎಕ್ಸ್‌ರೇ ಕೋಣೆ ಮಾಡಲು ಸಾಧ್ಯವೇ ಎಂದು ನೋಡಿ, ಆಮೇಲೆ ಉಪಕರಣ ತಂದು ಕೂರಿಸಿ ಹೋಗುತ್ತಿದ್ದರು.

ಆಗಿನ ಯಂತ್ರಗಳು ಈಗಿನಂತೆ ಗುಂಡಿ ಒತ್ತಿದರೆ ನಡೆಯುವಂಥವಲ್ಲ. ಹೆಚ್ಚಿನ ಎಕ್ಸ್‌ರೇ ಟ್ಯೂಬುಗಳು ಒಳಗೆ ಉಳಿದ ಚೂರೇ ಚೂರು ಅನಿಲದ ಬಲದಿಂದ ಕೆಲಸ ಮಾಡುತ್ತಿದ್ದವು. ಬಳಸುತ್ತಾ ಹೋದಂತೆ ಆ ಅನಿಲವೂ ಕಡಿಮೆಯಾಗಿ ಟ್ಯೂಬು ಗಡುಸಾಗುತ್ತಿತ್ತು. ಆಗ ಕಿರಣ ಮೂಳೆಯನ್ನೂ ತೂರಿಹೋಗಿ, ಮೂಳೆ ಯಾವುದು ಮಾಂಸ ಯಾವುದು ಎಂಬ ವ್ಯತ್ಯಾಸ ಚಿತ್ರದಲ್ಲಿ ಮಸುಕಾಗುತ್ತಿತ್ತು. ಟ್ಯೂಬಿನ ಸ್ಥಿತಿ ನೋಡಿ ಹದಕ್ಕೆ ತರುವವರು ಪಕ್ಕದಲ್ಲೇ ಇರಬೇಕಿತ್ತು. ಗಾಜಿನ ಟ್ಯೂಬು ಗುಂಡಿ ಬಿದ್ದ ರಸ್ತೆಗಳಲ್ಲಿ ಒಡೆಯದಂತೆ ಸಾಗಿಸುವುದೇ ಒಂದು ವಿದ್ಯೆ.

ಇದಕ್ಕೆಲ್ಲ ಸಹಾಯಕರನ್ನು ಕಳಿಸಿ ಪ್ಯಾರಿಸ್ಸಿನಲ್ಲಿ ಕುಳಿತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಎರಡು ನೊಬೆಲ್ ಪಡೆದ, ಸುಮಾರು 47 ವರ್ಷದ ಪ್ರಾಧ್ಯಾಪಕಿ ಅವರು. ಆದರೆ ಮೇರಿ ಎಕ್ಸ್‌ರೇ ಯಂತ್ರ ನಡೆಸುವುದನ್ನು ಕಲಿತರು, ದೇಹರಚನೆ ಓದಿದರು. ಚಾಲಕ ಸಿಗದ ದಿನ ಕೆಲಸ ನಿಲ್ಲಬಾರದೆಂದು 1916ರಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆದರು. ಟೈರ್ ಬದಲಿಸುವುದು, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದು, ಕೊಳೆ ಕಟ್ಟಿದ ಕಾರ್ಬ್ಯುರೇಟರ್ ಸ್ವಚ್ಛ ಮಾಡುವುದು ಎಲ್ಲವನ್ನೂ ಕಲಿತರು. ಒಮ್ಮೆ ಕಾರು ಹಳ್ಳಕ್ಕೆ ಉರುಳಿ, ಮೇಲೆ ಪೆಟ್ಟಿಗೆಗಳು ಬಿದ್ದು ಗಾಯವಾಯಿತು. ಅದನ್ನು ಮನೆಯವರಿಗೂ ಹೇಳದೆ ಕೆಲಸಕ್ಕೆ ಹೋದರು.

ಅವರು ಒಟ್ಟು 20 ಗಾಡಿಗಳನ್ನು ಸಜ್ಜುಗೊಳಿಸಿದರು, 200 ಎಕ್ಸ್‌ರೇ ಕೋಣೆಗಳನ್ನು ಸ್ಥಾಪಿಸಿದರು. ಇವುಗಳಲ್ಲಿ ಪರೀಕ್ಷೆಗೊಳಗಾದ ಗಾಯಾಳುಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು.

ಬಿಟ್ಟು ಹೋಗುವ ಮೊದಲು ಕಲಿಸಿದರು

ಯಂತ್ರ ಹೆಚ್ಚಾದಂತೆ ನಡೆಸುವವರ ಕೊರತೆ ಕಾಣಿಸಿತು. ಮೊದಲ ಸಹಾಯಕಿಯಾಗಿ ಬಂದವಳು ಹಿರಿಯ ಮಗಳು ಐರೀನ್, ಆಗ 17 ವರ್ಷ. ನಮ್ಮ ಲೆಕ್ಕದಲ್ಲಿ ದ್ವಿತೀಯ ಪಿಯುಸಿ ಹುಡುಗಿ. ಮರುವರ್ಷವೇ ಆಕೆ ರಣರಂಗಕ್ಕೆ ಸಮೀಪದ ಆಸ್ಪತ್ರೆಯಲ್ಲಿ ಒಬ್ಬಳೇ ಎಕ್ಸ್‌ರೇ ವಿಭಾಗ ನೋಡಿಕೊಳ್ಳುವಷ್ಟು ಪಳಗಿದ್ದಳು. ಚಿತ್ರದಲ್ಲಿ ಗುಂಡು ಕಂಡರೆ ಸಾಲದು, ಅದು ಎಷ್ಟು ಆಳದಲ್ಲಿದೆ ಎಂದು ವೈದ್ಯರಿಗೆ ಹೇಳಬೇಕು. ಅದಕ್ಕೆ ಟ್ಯೂಬನ್ನು ಗೊತ್ತಾದಷ್ಟು ದೂರ ಸರಿಸಿ ಎರಡನೇ ಚಿತ್ರ ತೆಗೆಯುತ್ತಾರೆ. ಗುಂಡಿನ ನೆರಳು ಎಷ್ಟು ಸರಿಯಿತೆಂದು ಅಳೆದರೆ ಆಳ ಸಿಗುತ್ತದೆ. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳ ಲೆಕ್ಕ ಅದು. ಯಾವುದಕ್ಕೆ ಉಪಯೋಗ ಎಂದು ನಾವು ಗೊಣಗುತ್ತಾ ಬಿಡಿಸಿದ ಲೆಕ್ಕದಿಂದ ಆ ಹುಡುಗಿ ಸೈನಿಕರ ಮೈಯಿಂದ ಗುಂಡು ತೆಗೆಯುವ ದಾರಿ ತೋರಿಸುತ್ತಿದ್ದಳು.

1916ರಿಂದ ಮೇರಿ ರೇಡಿಯಂ ಸಂಸ್ಥೆಯಲ್ಲೇ ಮಹಿಳೆಯರಿಗೆ ತರಬೇತಿ ಶುರುಮಾಡಿದರು. ವಿದ್ಯುತ್ತಿನ ಪಾಠ, ಎಕ್ಸ್‌ರೇ ಪಾಠ, ದೇಹರಚನೆ, ಜೊತೆಗೆ ಕೈಕೆಲಸ. ಬಂದವರ ಹಿನ್ನೆಲೆ, ಓದು ಒಂದೇ ಥರ ಇರಲಿಲ್ಲ. ಕಡಿಮೆ ಓದಿದವರಿಗೂ ಅರ್ಥವಾಗುವಂತೆ ಹೇಳಿಕೊಡುವ ಹೊಣೆ ಮೇರಿ ಮತ್ತು ಐರೀನ್ ಅವರದಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 150 ಮಹಿಳೆಯರು ತರಬೇತಿ ಪಡೆದಿದ್ದರು.

ಮೇರಿ ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ 150ರ ಸಂಖ್ಯೆ. ಒಬ್ಬ ಪರಿಣತ ಬಂದು ಯಂತ್ರ ಸರಿಮಾಡಿ ಹೋದರೆ ಅದು ಮುಂದಿನ ಸಲ ಕೆಡುವವರೆಗೆ ಮಾತ್ರ. ಅಲ್ಲಿಯೇ ಇರುವ ಒಬ್ಬರಿಗೆ ಅದರ ಮರ್ಮ ಗೊತ್ತಾದರೆ ಯಂತ್ರ ವರ್ಷಗಟ್ಟಲೆ ಬಾಳುತ್ತದೆ. ಫ್ಯೂಸ್ ಹೋದದ್ದಕ್ಕೆ, ಸೆನ್ಸರಿನ ವೈರ್ ಮಡಚಿ ತುಂಡಾದದ್ದಕ್ಕೆ ರಾಜಧಾನಿಯಿಂದ ಎಂಜಿನಿಯರ್ ಬರಲಿ ಎಂದು ವಾರಗಟ್ಟಲೆ ಕಾಯುವುದನ್ನು ನಾನು ಕಂಡಿದ್ದೇನೆ. ಈಗ ಹೋದ ಕಡೆಯೆಲ್ಲ ವಾರ್ಡಿನ ಒಬ್ಬ ಸಿಸ್ಟರ್ ಅವರಿಗಾದರೂ ಕೇಬಲ್ ಬಿಚ್ಚಿ ಹಾಕುವುದು, ಫಿಲ್ಟರ್ ತೊಳೆಯುವುದು, ಬ್ಯಾಟರಿ ಪರೀಕ್ಷಿಸುವುದನ್ನು ತೋರಿಸಿಯೇ ಬರುತ್ತೇನೆ.

ತೆತ್ತ ಬೆಲೆ

ಈ ಕತೆಯ ಇನ್ನೊಂದು ಮುಖವನ್ನೂ ಹೇಳಬೇಕು. ತಾಯಿ ಮಗಳು ಬಳಸುತ್ತಿದ್ದ ರಕ್ಷಣೆ ಎಂದರೆ ಬಟ್ಟೆಯ ಕೈಗವಸು, ಕೆಲವು ಲೋಹದ ತೆರೆಗಳು. ಅದಕ್ಕೂ ಮೊದಲು ವರ್ಷಗಳ ಕಾಲ ಮೇರಿ ರೇಡಿಯಂ ಜೊತೆ ಬರಿಗೈಯಲ್ಲಿ ಕೆಲಸ ಮಾಡಿದ್ದರು. ಯುದ್ಧದ ಅನುಭವವನ್ನು ಅವರು 1921ರಲ್ಲಿ ಪುಸ್ತಕವಾಗಿ ತಂದರು. ಅದೇ ವರ್ಷ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಕೊಂಡ ಒಂದು ಗ್ರಾಂ ರೇಡಿಯಂ ಅನ್ನು ಅಧ್ಯಕ್ಷ ಹಾರ್ಡಿಂಗ್ ಕೈಯಿಂದ ಸ್ವೀಕರಿಸಿದರು. ತಾವೇ ಕಂಡುಹಿಡಿದ ವಸ್ತುವನ್ನು ಕೊಳ್ಳುವಷ್ಟು ಹಣ ಅವರ ಬಳಿ ಇರಲಿಲ್ಲ. ಕಣ್ಣಿಗೆ ಪೊರೆ ಬಂದು ಹಲವು ಶಸ್ತ್ರಚಿಕಿತ್ಸೆಗಳಾದವು. 1934ರ ಜುಲೈ 4ರಂದು ತೀರಿಕೊಂಡಾಗ ಅವರ ಎಲುಬಿನ ಮಜ್ಜೆ ರಕ್ತ ತಯಾರಿಸುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಮರುವರ್ಷ ಪತಿಯೊಂದಿಗೆ ನೊಬೆಲ್ ಪಡೆದ ಐರೀನ್ ಕೂಡ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ಸತ್ತರು.

1995ರಲ್ಲಿ ಮೇರಿ ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ ಸ್ಮಾರಕಕ್ಕೆ ಸ್ಥಳಾಂತರಿಸಲು ಹೊರತೆಗೆದಾಗ ವಿಕಿರಣ ಅಳೆದು ನೋಡಿದರು. ಎಣಿಸಿದಷ್ಟು ರೇಡಿಯಂ ಕಾಣಲಿಲ್ಲ. ಅವರ ಕಾಯಿಲೆಗೆ ರೇಡಿಯಂಗಿಂತ ಯುದ್ಧಕಾಲದ ಎಕ್ಸ್‌ರೇಗಳೇ ಕಾರಣ ಇರಬಹುದೆಂಬ ಅಭಿಪ್ರಾಯ ಆಗ ಬಂತು. ಸೈನಿಕರ ಮೈಯೊಳಗಿನ ಗುಂಡು ತೋರಿಸಿದ ಕಿರಣ, ತೋರಿಸಿದವರ ಮೈಯನ್ನೂ ಹೊಕ್ಕಿತ್ತು.

ಇಂದು ನಾವು ಎಕ್ಸ್‌ರೇ ಕೋಣೆಗೆ ಹೋಗುವಾಗ ಎದೆಯ ಮೇಲೆ ವಿಕಿರಣ ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ನಿಯಮಿತವಾಗಿ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಸೀಸದ ಏಪ್ರನ್ ಭಾರ, ಸೆಕೆಗೆ ಮೈ ಬೆವರುತ್ತದೆ. ಐದು ನಿಮಿಷದ ಕೆಲಸಕ್ಕೆ ಇದೆಲ್ಲ ಯಾಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ಈ ನಿಯಮಗಳು ಯಾರ ಯಾರ ಮೈಮೇಲೆ ಬರೆದ ಪಾಠಗಳು ಎಂಬುದನ್ನು ಅವರಿಗೆ ಹೇಳುವಾಗ ನಾನು ಮೇರಿ ಅವರ ಹೆಸರು ಹೇಳುತ್ತೇನೆ. ಅವರ ಧೈರ್ಯವನ್ನು ಅನುಸರಿಸೋಣ, ಅಜಾಗರೂಕತೆಯನ್ನು ಬೇಡ. ಅವರ ಕಾಲಕ್ಕೆ ಅಪಾಯದ ಪೂರ್ತಿ ಅರಿವು ಇರಲಿಲ್ಲ. ನಮಗೆ ಇದೆ.

ಡಿಪ್ಲೊಮಾ, ಐಟಿಐ, ಬಿಇ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಈ ಕ್ಷೇತ್ರದಲ್ಲಿ ಆರಂಭದ ಸಂಬಳ ದೊಡ್ಡದಲ್ಲ, ಎಷ್ಟೋ ಕಡೆ ಹೊರಗುತ್ತಿಗೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಯಂತ್ರ ನಡೆಯುವವರೆಗೆ ನಮ್ಮ ನೆನಪು ಯಾರಿಗೂ ಬರುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಬನ್ನಿ ಎಂದು ಕರೆಯಲಾರೆ. ಆದರೆ ರಿಪೇರಿ ಎಂಬ ಕಾರಣಕ್ಕೇ ಇದನ್ನು ಕೀಳೆಂದು ಬಿಡುವುದಾದರೆ, ಬಿಡುವ ಮೊದಲು ಒಂದು ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ಫ್ರಾನ್ಸಿನ ಕೆಸರು ರಸ್ತೆಯ ಬದಿ, ಬೂದು ಬಣ್ಣದ ಕಾರು, ತೆರೆದ ಬಾನೆಟ್. ಎರಡು ನೊಬೆಲ್ ಪಡೆದವರು ತೋಳು ಮಡಚಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದಾರೆ. ಮುಂದಿನ ಆಸ್ಪತ್ರೆಯಲ್ಲಿ ಗಾಯಾಳುಗಳು ಕಾಯುತ್ತಿದ್ದಾರೆ. ಪಠ್ಯಪುಸ್ತಕದಲ್ಲಿ ಹಾಕಬೇಕಿದ್ದ ಚಿತ್ರ ಅದು.